ಕೆಳಗಿನ ಬೀದಿಗೆ ತೆರೆದ ಬಾಗಿಲು

ನಮ್ಮೂರು ದಕ್ಷಿಣಕ್ಕೆ ವಾಲಿಕೊಂಡಿದೆ. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಇದಕ್ಕೆ ನನ್ನ ನೆನಪಿನ ಹಂಗಿಲ್ಲ. ಮೇಲಿನ ಬೀದಿಯಲ್ಲಿ ಒಂದು ಬಿಂದಿಗೆ ನೀರು ಚೆಲ್ಲಿದರೆ ಅದು ಇವತ್ತಿಗೂ ಕೆಳಗಿನ ಬೀದಿಗೇ ಹೋಗುತ್ತದೆ. ಉತ್ತರಕ್ಕೆ ಬಂಡೆಗುಡ್ಡ, ಅದರ ಬುಡದಲ್ಲಿ ಬಸ್ಸು ಓಡಾಡುವ ಮೇಲಿನ ಬೀದಿ, ಅದಕ್ಕೆ ಬೆನ್ನು ಹಚ್ಚಿದಂತೆ ಕೆಳಗಿನ ಬೀದಿ, ಆಮೇಲೆ ವರ್ಷದ ಬಹುಪಾಲು ಒಣಗಿಯೇ ಇರುವ ಕೆರೆ. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವವರು ಮಂಚೇನಹಳ್ಳಿಯ ಆಸುಪಾಸಿನಲ್ಲಿ ಕಿಟಕಿಯಾಚೆ ನೋಡಿದರೆ ಇಂಥ ಊರುಗಳು ಒಂದರ ಹಿಂದೊಂದು ಬಂದು ಹೋಗುತ್ತವೆ. ನಮ್ಮದು ಅವುಗಳಲ್ಲಿ ಒಂದು. ಹಳ್ಳಿ ಎಂದರೆ ನಮಗೆ ಕೋಪ ಬರುತ್ತಿತ್ತು. ಪಟ್ಟಣ ಎಂದರೆ ಬೇರೆಯವರಿಗೆ ನಗು ಬರುತ್ತಿತ್ತು.

ಮಿಕ್ಕಿದ್ದರ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ. ಇದನ್ನು ಬರೆಯಲು ಕೂತು ಎದ್ದು ಹೋಗಿದ್ದೇನೆ, ವರಾಂಡದಲ್ಲಿ ಓಡಾಡಿದ್ದೇನೆ, ಮತ್ತೆ ಬಂದು ಬರೆದದ್ದನ್ನು ಹೊಡೆದು ಹಾಕಿದ್ದೇನೆ. ತಂಗಿಗೆ ಫೋನ್ ಮಾಡಿ ಕೇಳಿದರೆ ಅವಳು ಬೇರೆ ಯಾವುದೋ ಮನೆಯ ಕಥೆ ಹೇಳುತ್ತಿದ್ದಾಳೆ ಅನಿಸುತ್ತದೆ. ಇಬ್ಬರೂ ಒಪ್ಪುವುದು ಇಷ್ಟು: ಎಂಬತ್ತರ ದಶಕದ ಕೊನೆಗೆ, ಮಂಡಲ ಪಂಚಾಯಿತಿಗಳು ಬಂದ ಹೊಸತರಲ್ಲಿ, ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ನಮ್ಮ ಮನೆಯ ಹಿಂದಿನ ಗೋಡೆ ಒಡೆಸಿ ಕೆಳಗಿನ ಬೀದಿಗೆ ಒಂದು ಬಾಗಿಲು ಇಡಿಸಿದರು. ಅಪ್ಪನಿಗೆ ಅದು ಬೇಡವಾಗಿತ್ತು. ಅಪ್ಪ ಆ ಬಾಗಿಲನ್ನು ಯಾವತ್ತಾದರೂ ದಾಟಿದರೇ ಎಂಬಲ್ಲಿ ನಾವಿಬ್ಬರೂ ಬೇರೆಯಾಗುತ್ತೇವೆ. ದಾಟಿದ್ದನ್ನು ನಾನು ನೋಡಿದ್ದೇನೆ. ಸಾಯುವತನಕ ದಾಟಲಿಲ್ಲ ಎನ್ನುತ್ತಾಳೆ ಅವಳು.

ನಮ್ಮ ಸಾಲಿನ ಮನೆಗಳೆಲ್ಲ ಒಂದೇ ಥರ. ಮುಖ ಮೇಲಿನ ಬೀದಿಗೆ, ಬೆನ್ನು ಕೆಳಗಿನ ಬೀದಿಗೆ. ಬೆನ್ನಿನ ಗೋಡೆಯಲ್ಲಿ ಬಾಗಿಲಿರಲಿಲ್ಲ. ಎತ್ತರದಲ್ಲಿ ಒಂದು ಕಿಟಕಿ, ನೆಲದ ಮಟ್ಟದಲ್ಲಿ ಬಚ್ಚಲು ನೀರು ಹೊರಗೆ ಹೋಗುವ ಒಂದು ತೂತು. ಮೀಯುವ ನೀರು, ಪಾತ್ರೆ ತೊಳೆದ ನೀರು, ಎಲ್ಲ ಆ ತೂತುಗಳಿಂದ ಇಳಿದು ಕೆಳಗಿನ ಬೀದಿಯ ನಡುವೆ ಕಪ್ಪಗೆ ಹರಿಯುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಬೀದಿಯವರು ಕೇಳಿದ್ದನ್ನು ನಾನು ಕಾಣೆ.

ಮನೆಯ ಆ ಹಿಂದಿನ ಕೋಣೆ ಅತ್ತೆಯದು. ಅದನ್ನು ಹುಳುಮನೆ ಎನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಅತ್ತೆ ತಮ್ಮನ ಮನೆಗೆ ಬಂದವರು. ಬಂದವರು ಸುಮ್ಮನೆ ಕೂರದೆ ರೇಷ್ಮೆ ಹುಳು ಸಾಕಿದರು. ಬಿದಿರಿನ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು, ಹೊರಗೆ ಸಣ್ಣಗೆ ಮಳೆ ಬರುತ್ತಿದೆಯೇನೋ ಎನ್ನುವ ಹಾಗೆ, ಮನೆಯೆಲ್ಲ ಕೇಳಿಸುತ್ತಿತ್ತು. ಗೂಡು ಬಿಡಿಸಿದ ಮೇಲೆ ಮೊದಲ ಬಸ್ಸಿಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಗಂಡಸರ ಆ ಗದ್ದಲದಲ್ಲಿ, ತನ್ನ ಗೂಡಿನ ರಾಶಿಯ ಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, ಕೈಹಾಕಿ ಗೂಡು ಒತ್ತಿ ನೋಡುವ ಕೊಳ್ಳುವವರಿಗೆ ತೆಲುಗಿನಲ್ಲಿ ಒಂದು, ಕನ್ನಡದಲ್ಲಿ ಒಂದು ಜವಾಬು ಕೊಡುತ್ತಿದ್ದ ಹೆಂಗಸು ನಮ್ಮ ಮನೆಯ ಅತ್ತೆಯೇ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮನೆಯಲ್ಲಿ ಅವರು ಅಷ್ಟು ಮಾತಾಡುತ್ತಿರಲಿಲ್ಲ.

ಹುಳು ತಿಂದು ಉಳಿದ ಸೊಪ್ಪಿನ ಕಡ್ಡಿಗಳನ್ನು ಅತ್ತೆ ಹಿಂದಿನ ಕಿಟಕಿಯಿಂದ ಕೆಳಗಿನ ಬೀದಿಯವರ ಮೇಕೆಗಳಿಗೆ ಕೊಡುತ್ತಿದ್ದರು. ಹಾಗೆ ಕೊಡುತ್ತ ಅಲ್ಲಿನ ಹೆಂಗಸರ ಜೊತೆ ಮಾತಿಗೆ ನಿಲ್ಲುತ್ತಿದ್ದರು. ಕಿಟಕಿ ಎತ್ತರದಲ್ಲಿದ್ದದ್ದರಿಂದ ಮುಖ ಕಾಣುತ್ತಿರಲಿಲ್ಲ. ಕೆಳಗಿನ ಬೀದಿಗೆ ಅತ್ತೆ ಎಂದರೆ ಸೊಪ್ಪಿನ ಕಟ್ಟು ಹಿಡಿದ ಒಂದು ಕೈ, ಒಂದು ದನಿ.

ಮಂಡಲ ಪಂಚಾಯಿತಿ ಬರುವ ಮೊದಲು ಪಂಚಾಯಿತಿ ಎಂದರೆ ನಮಗೆ ಬಸ್ ನಿಲ್ದಾಣದ ಹಿಂದಿನ ಹೆಂಚಿನ ಕಟ್ಟಡ, ಅದರೊಳಗೆ ಒಂದು ರೇಡಿಯೋ, ಅದರ ಸುತ್ತ ಬೀಡಿ ಸೇದುವ ಗಂಡಸರು. ಈಗ ಸುತ್ತಲಿನ ಹಳ್ಳಿಗಳನ್ನೆಲ್ಲ ಸೇರಿಸಿ ಒಂದು ಮಂಡಲವಾಯಿತು, ನಮ್ಮೂರು ಅದರ ಕೇಂದ್ರವಾಯಿತು. ನಾನಾಗ ಬೆಂಗಳೂರಿನಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದೆ. ಅಧಿಕಾರ ಜನರ ಮನೆ ಬಾಗಿಲಿಗೆ ಬಂತು ಎಂದು ತರಗತಿಯಲ್ಲಿ ಹೇಳಿದರೆ ನಾನು ಮನಸ್ಸಿನಲ್ಲೇ ಬಸ್ಸುಗಳನ್ನು ಲೆಕ್ಕ ಹಾಕುತ್ತಿದ್ದೆ. ಜಿಲ್ಲಾ ಪರಿಷತ್ತು ಇದ್ದದ್ದು ಕೋಲಾರದಲ್ಲಿ. ಅಲ್ಲಿಗೆ ಹೋಗಲು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಂದು ಬಸ್ಸು ಬದಲಿಸುತ್ತ ಅರ್ಧ ದಿನ ಕಳೆಯಬೇಕು. ನಮಗೆ ಜಿಲ್ಲಾ ಕೇಂದ್ರಕ್ಕಿಂತ ರಾಜಧಾನಿಯೇ ಹತ್ತಿರವಿತ್ತು. ಇಂಥ ಕುಹಕಗಳನ್ನು ಊರಿಗೆ ಬಂದಾಗ ಅಪ್ಪನಿಗೆ ಹೇಳುತ್ತಿದ್ದೆ. ಅಪ್ಪ ನಗುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದರು.

ಹೆಂಗಸರಿಗೆಂದು ಮೀಸಲಿಟ್ಟ ಸ್ಥಾನಗಳಲ್ಲಿ ಒಂದು ಕೆಳಗಿನ ಬೀದಿಗೆ ಬಂತು ಎಂದು ಗೊತ್ತಾದ ದಿನ ಅತ್ತೆ ತಟ್ಟೆ ಬದಲಿಸುತ್ತಲೇ, ನಾನು ನಿಲ್ತೀನಿ ಎಂದರು. ಎಲ್ಲಿಗೆ ಎಂದು ಅಪ್ಪ ಕೇಳಿದರು. ಚುನಾವಣೆಗೆ ಎಂದರು. ಆ ಬೀದಿಯ ನಡುವೆ ಹರಿಯುವ ನೀರಿಗೆ ಕಲ್ಲಿನ ಚರಂಡಿ ಕಟ್ಟಿಸಬೇಕು, ಮೇಲಿನವರು ಯಾರೂ ಕಟ್ಟಿಸುವವರಲ್ಲ, ಅದರ ವಾಸನೆ ನನ್ನ ಕಿಟಕಿಗೂ ಬರುತ್ತದೆ, ಎಂದು ಒಂದೇ ಉಸಿರಿಗೆ ಹೇಳಿ ಮತ್ತೆ ತಟ್ಟೆಯ ಕಡೆ ತಿರುಗಿದರು.

ಕೆಳಗಿನ ಬೀದಿಯಲ್ಲಿ ಸ್ವಲ್ಪ ಮುಂದೆ ಒಂದು ಸೈಕಲ್ ಶಾಪ್ ಇತ್ತು. ಅದರ ಯಜಮಾನರು ವಯಸ್ಸಾದ ಮುಸ್ಲಿಮರು. ಎಲ್ಲರೂ ಅವರನ್ನು ಭಾಯಿ ಎನ್ನುತ್ತಿದ್ದರು. ಆ ಬೀದಿಯಲ್ಲಿ ಮಗ್ಗದವರು, ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಕೆಲಸಕ್ಕೆ ಹೋಗುವ ಮುಸ್ಲಿಂ ಮನೆಗಳವರು, ಕೊನೆಯಲ್ಲಿ ದಲಿತರ ಮನೆಗಳವರು ಇದ್ದರು. ಯಾರ ಮನೆಯ ವ್ಯಾಜ್ಯವಾದರೂ ಭಾಯಿಯ ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು ಮಾತಾಡುವುದು ರೂಢಿ. ಅತ್ತೆ ಅಲ್ಲಿಗೆ ಹೋದರು. ಹೋಗಲು ಮೇಲಿನ ಬೀದಿಯಲ್ಲಿ ಮನೆಗಳ ಸಾಲು ಮುಗಿಯುವವರೆಗೆ ನಡೆದು, ಮೂಲೆ ಸುತ್ತಿ, ಇಳಿದು, ಮತ್ತೆ ವಾಪಸ್ಸು ನಡೆಯಬೇಕಿತ್ತು. ನನ್ನನ್ನು ಜೊತೆಗೆ ಕರೆದುಕೊಂಡು ಹೋದರು ಎಂದು ನನ್ನ ನೆನಪು. ತಂಗಿ, ಹೋದದ್ದು ತಾನು ಎನ್ನುತ್ತಾಳೆ. ಇಬ್ಬರಲ್ಲಿ ಯಾರು ಹೋಗಿದ್ದರೂ ಭಾಯಿ ಹೇಳಿದ್ದು ಮಾತ್ರ ಇಬ್ಬರ ನೆನಪಿನಲ್ಲೂ ಒಂದೇ ಇದೆ. ಅವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದರು. ತಲೆ ಎತ್ತದೆ ಹೇಳಿದರು:

"ಬೇಜಾರು ಮಾಡ್ಕೋಬೇಡಿ ಅಮ್ಮಾ. ನಿಮ್ಮ ಮನೆಯಿಂದ ನಮ್ಮ ಬೀದಿಗೆ ಬರೋದು ಬಚ್ಚಲು ನೀರು ಒಂದೇ. ಬಾಗಿಲು ಆ ಕಡೆ ಇಟ್ಕೊಂಡಿದ್ದೀರಿ, ಓಟು ಈ ಕಡೆ ಕೇಳ್ತೀರಿ."

ಸುತ್ತ ಕೂತವರು ನಕ್ಕರು. ನಮ್ಮ ಬೀದಿಯ ಮೆಂಬರ್ ಎಂದರೆ ಅವರ ಹೊಸಿಲು ನಮ್ಮ ಬೀದಿಯಲ್ಲಿರಬೇಕು, ನಮ್ಮಲ್ಲಿ ಜಗಳವಾದರೆ ಅವರ ಕಿವಿಗೆ ಬೀಳಬೇಕು, ಸಾವಾದರೆ ಅವರು ಹೊರಗೆ ಬಂದು ನಿಲ್ಲಬೇಕು ಎಂದು ಯಾರೋ ಸೇರಿಸಿದರು.

ಮನೆಗೆ ಬಂದ ಅತ್ತೆಗೆ ನಾನು ಕಾನೂನು ಹೇಳಿದೆ. ಮಂಡಲದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಬಾಗಿಲು ಯಾವ ಬೀದಿಗಿದೆ ಎಂದು ಯಾರೂ ಕೇಳುವ ಹಾಗಿಲ್ಲ ಎಂದೆ.

"ಕಾನೂನು ಬಂದು ನಂಗೆ ಓಟು ಹಾಕ್ತದೇನಪ್ಪಾ?" ಎಂದರು ಅತ್ತೆ. ಆಮೇಲೆ ಹುಳುಮನೆಗೆ ಹೋಗಿ ಹಿಂದಿನ ಗೋಡೆಯನ್ನು ಕೈಯಲ್ಲಿ ತಟ್ಟಿ ನೋಡಿದರು.

ಅಲ್ಲಿಂದ ಮನೆಯಲ್ಲಿ ನೆಮ್ಮದಿ ಹೋಯಿತು. ಹುಳುಮನೆಗೆ ಬೀದಿಯ ಬಾಗಿಲು ಇಡುವುದೆಂದರೆ ಹುಳು ಸಾಕುವುದನ್ನು ಬಿಟ್ಟ ಹಾಗೆಯೇ. ಧೂಳು, ಹೊಗೆ, ಹೊರಗಿನ ನೊಣ ಒಂದೂ ಆಗದ ಜೀವ ಅದು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಹೊತ್ತಿಗೆ, ನಮ್ಮನ್ನೇ ಅತ್ತೆ ಒಳಗೆ ಬಿಡುತ್ತಿರಲಿಲ್ಲ. ಬಾಗಿಲಿಟ್ಟರೆ ಅತ್ತೆಯ ದುಡಿಮೆ ಹೋಗುತ್ತಿತ್ತು. ಶಿಡ್ಲಘಟ್ಟದ ಮೊದಲ ಬಸ್ಸು, ಆ ಮಾರುಕಟ್ಟೆಯ ದನಿ ಹೋಗುತ್ತಿತ್ತು. ಇದನ್ನು ಅಮ್ಮ ಹೇಳಿದರು. ಅಪ್ಪ ಅದನ್ನು ಹೇಳಲಿಲ್ಲ. ಅಪ್ಪ ಹಿಡಿದದ್ದು ದಿಕ್ಕನ್ನು.

"ದಕ್ಷಿಣಕ್ಕೆ ಬಾಗಿಲು ಇಡಿಸ್ತೀಯಾ ಅಕ್ಕಾ? ಮನೆಗೆ ಆಗುತ್ತಾ?"

"ನನ್ನ ಗಂಡ ಸತ್ತಿದ್ದು ಉತ್ತರದ ಬಾಗಿಲಿನ ಮನೇಲಿ ಕಣೋ."

ಅಪ್ಪನಿಗೆ ದಿಕ್ಕುಗಳಲ್ಲಿ ಅಷ್ಟೇನೂ ನಂಬಿಕೆ ಇರಲಿಲ್ಲ ಎಂದು ನನಗೆ ಗೊತ್ತು. ಅವರು ಬಾಯಿಬಿಟ್ಟು ಹೇಳದ ಮಾತು ಬೇರೆ ಇತ್ತು. ಕೆಳಗಿನ ಬೀದಿಯವರೆಲ್ಲ ನಮ್ಮ ಮನೆಯೊಳಗೆ ಬರುವವರಲ್ಲ, ಬಾಗಿಲಿಟ್ಟರೆ ಬರುತ್ತಾರೆ. ಅದನ್ನು ಹೇಳಲು ಅವರಿಗೆ ನಾಚಿಕೆಯಿತ್ತು, ನುಂಗಲು ಆಗುತ್ತಿರಲಿಲ್ಲ. ಅದಕ್ಕೇ ದಕ್ಷಿಣ. ಅಥವಾ ಇದು ಓದಿದ ನಾನು ಆಮೇಲೆ ಅಪ್ಪನ ಮೇಲೆ ಹೊರಿಸಿದ ಅರ್ಥವೋ ಏನೋ. ಈ ಸಾಲನ್ನೂ ಒಮ್ಮೆ ಹೊಡೆದು ಹಾಕಿ ಮತ್ತೆ ಬರೆದಿದ್ದೇನೆ.

ಗೋಡೆ ಒಡೆದ ದಿನದ ಒಂದು ಚಿತ್ರ ನನ್ನ ಕಣ್ಣಿಗೆ ಕಟ್ಟಿದೆ: ತಟ್ಟೆಗಳ ತುಂಬ ಹುಳುಗಳು, ಎಲೆಗಳ ಮೇಲೆ ಕೆಂಪು ಮಣ್ಣಿನ ಧೂಳು, ತಲೆ ಎತ್ತಿ ತಡಕಾಡುತ್ತಿರುವ ಹುಳುಗಳು. ತಂಗಿ ನಗುತ್ತಾಳೆ. ಹುಳು ಇರುವಾಗ ಅತ್ತೆ ಗೋಡೆ ಒಡೆಸುತ್ತಿದ್ದರೇ? ಗೂಡು ಬಿಡಿಸಿ, ಮಾರಿ ಬಂದು, ತಟ್ಟೆಗಳನ್ನೆಲ್ಲ ಅಂಗಳದಲ್ಲಿ ತೊಳೆದು ಒಣಗಿಸಿದ ಮೇಲೆಯೇ ಗಾರೆಯವನನ್ನು ಕರೆಸಿದ್ದು ಎನ್ನುತ್ತಾಳೆ. ಅವಳು ಹೇಳುವುದೇ ಸರಿ ಇರಬೇಕು. ನಾನು ಬೆಂಗಳೂರಿನಿಂದ ಯಾವ ಶನಿವಾರ ಬಂದಿದ್ದೆನೋ. ಆದರೂ ಆ ಧೂಳು ನನ್ನ ಕಣ್ಣಿನಿಂದ ಹೋಗುವುದಿಲ್ಲ.

ಗಾರೆಯವನು ಕೆಳಗಿನ ಬೀದಿಯವನೇ. ಕೆಲಸ ಬೇಗ ಮುಗಿಯಲೆಂದು ಬಚ್ಚಲಿನ ತೂತು ಇದ್ದ ಕಡೆ ಮೊದಲೇ ಸಡಿಲಾಗಿದ್ದ ಗೋಡೆಯನ್ನು ಒಡೆದ. ಹೀಗಾಗಿ ಬಾಗಿಲು ಸರಿಯಾಗಿ ನಮ್ಮ ಬಚ್ಚಲು ನೀರಿನ ಮೇಲೆ ಬಂತು. ಹೊಸಿಲು ದಾಟಿದರೆ ಕಾಲಿಡುವುದು ನಮ್ಮದೇ ಕೊಳಚೆಗೆ. ಅದರ ಮೇಲೊಂದು ಕಲ್ಲುಚಪ್ಪಡಿ ಹಾಕಿಸಿದರು. ಚಪ್ಪಡಿ ಸರಿಯಾಗಿ ಕೂರಲಿಲ್ಲ. ಕಾಲಿಟ್ಟರೆ ಟಕ್ ಎಂದು ಒಂದು ಕಡೆಗೆ ವಾಲುತ್ತಿತ್ತು.

ಮೊದಲ ದಿನ ಅತ್ತೆ ಹೊಸಿಲಿಗೆ ಅರಿಶಿನ ಹಚ್ಚಿ ಚಪ್ಪಡಿ ಮೇಲೆ ನಿಂತಾಗ ಎದುರು ಮನೆಯ ಮಗ್ಗದ ಹೆಂಗಸು ತೆಲುಗಿನಲ್ಲಿ, "ಏಮಮ್ಮಾ, ಕಿಟಿಕಿ ಪೆದ್ದದೈಂದಾ?" ಎಂದಳಂತೆ. ಕಿಟಕಿ ದೊಡ್ಡದಾಯಿತೇ ಎಂದು. ಅಷ್ಟು ವರ್ಷ ಮಾತಾಡಿದ್ದವರು ಅವತ್ತು ಮೊದಲ ಸಲ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದ್ದು. ಅತ್ತೆ ಇಷ್ಟು ಕುಳ್ಳು ಎಂದು ಗೊತ್ತಿರಲಿಲ್ಲ ಎಂದು ಆ ಬೀದಿಯೆಲ್ಲ ಮಾತಾಯಿತು.

ಅತ್ತೆ ಗೆದ್ದರು.

ಗೆದ್ದದ್ದಕ್ಕಿಂತ ಹೆಚ್ಚು ಗಲಾಟೆಯಾದದ್ದು ಆಮೇಲೆ. ಎರಡು ಬೀದಿಗೂ ಬಾಗಿಲಿರುವ ಮನೆ ಆ ಸಾಲಿನಲ್ಲಿ ನಮ್ಮದೊಂದೇ. ಕೆಳಗಿನ ಬೀದಿಯಿಂದ ಬಸ್ಸಿಗೆ ಹೋಗುವವರಿಗೆ ಮೂಲೆ ಸುತ್ತುವ ಬದಲು ನಮ್ಮ ಮನೆಯೊಳಗಿಂದ ಹಾಯ್ದರೆ ಎದುರಿಗೇ ಬಸ್ಸು. ಮೊದಲು ಹಾಯ್ದವಳು ಕೊನೆಯ ಮನೆಗಳ ಒಂದು ಹುಡುಗಿ. ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗುತ್ತಿದ್ದಳು. ಅವತ್ತು ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವಳು ಹಿಂದಿನ ಬಾಗಿಲಲ್ಲಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ನಡುಮನೆಯಲ್ಲಿ ಅಪ್ಪ ಕಾಫಿ ಕುಡಿಯುತ್ತಿದ್ದರು. ಇದನ್ನು ನಾನೇ ನೋಡಿದ್ದು, ತಂಗಿಯೂ ಅಲ್ಲಗಳೆಯುವುದಿಲ್ಲ.

"ಮೆಟ್ಕೊಂಡೇ ಹೋಗು ತಾಯಿ, ಬಸ್ಸು ಹೊರಟೋಗ್ತದೆ," ಎಂದರು ಅತ್ತೆ.

ಹುಡುಗಿ ಮೆಟ್ಟಿಕೊಳ್ಳಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದೇ ಅಪ್ಪನ ಮುಂದೆ ಓಡಿಹೋದಳು. ಅಪ್ಪ ಲೋಟ ಕೆಳಗಿಟ್ಟರು, ಮತ್ತೆ ತೆಗೆದುಕೊಂಡರು. ಮಾರನೆಯ ದಿನದಿಂದ ಅವರ ಕುರ್ಚಿ ನಡುಮನೆಯಿಂದ ಜಗಲಿಗೆ ಹೋಯಿತು.

ಒಬ್ಬಳು ಹಾಯ್ದ ಮೇಲೆ ತಡೆಯುವವರು ಯಾರು? ಹಾಲಿನವರು, ಶಾಲೆ ಮಕ್ಕಳು, ಬಿಂದಿಗೆ ಹೊತ್ತವರು, ಒಮ್ಮೊಮ್ಮೆ ಸೈಕಲ್ ಎತ್ತಿಕೊಂಡು ಭಾಯಿಯ ಮಗ, ಎಲ್ಲರೂ ನಮ್ಮ ನಡುಮನೆಯ ಮೂಲಕ ಬಸ್ಸಿಗೆ, ನಲ್ಲಿಗೆ, ಪೋಸ್ಟಾಫೀಸಿಗೆ. ಹುಳುಮನೆ ಓಣಿಯಾಯಿತು. ನಾನು ರಜೆಗೆ ಬಂದರೆ ಮಧ್ಯಾಹ್ನ ಮಲಗಲು ಜಾಗವಿರುತ್ತಿರಲಿಲ್ಲ. ಅಮ್ಮ ಊಟಕ್ಕೆ ಬಡಿಸುತ್ತಿದ್ದಾಗ ಯಾರೋ ಹಾದು ಹೋಗುತ್ತ, ಏನು ಸಾರು ಎಂದು ಕೇಳುತ್ತಿದ್ದರು. ಅಮ್ಮನಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಯಾರೂ ಕೇಳದಿದ್ದ ದಿನ, ಇವತ್ತು ಬಂದ್ ಏನೋ ಎನ್ನುತ್ತಿದ್ದರು.

ಮಂಡಲದ ಸಭೆಯಲ್ಲಿ ಹೆಂಗಸರು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುತ್ತಿದ್ದರು, ಅವರ ಪರವಾಗಿ ಗಂಡಂದಿರು ಮಾತಾಡುತ್ತಿದ್ದರು. ಅತ್ತೆಗೆ ಗಂಡನಿಲ್ಲದ್ದರಿಂದ ತಮ್ಮನಾದರೂ ಬರಲಿ ಎಂದು ಮಂಡಲದವರು ಅಪ್ಪನಿಗೆ ಹೇಳಿಕಳಿಸಿದರು. ಅಪ್ಪ ಜಗಲಿಯಿಂದ ಏಳದೆ, ಬಾಗಿಲು ಅವಳದು, ಮಾತೂ ಅವಳೇ ಆಡಿಕೊಳ್ಳಲಿ ಎಂದುಬಿಟ್ಟರು. ಸಿಟ್ಟಿನಲ್ಲಿ ಹೇಳಿದ ಮಾತು ಅದು. ಆದರೆ ಅದರಿಂದಾಗಿ ಆ ಸಭೆಯಲ್ಲಿ ತನ್ನ ಬಾಯಿಂದಲೇ ಮಾತಾಡಿದ ಹೆಂಗಸು ಅತ್ತೆ ಒಬ್ಬರೇ ಆದರು. ಶಿಡ್ಲಘಟ್ಟದಲ್ಲಿ ನಾನು ಕೇಳಿದ್ದ ದನಿಯಲ್ಲೇ ಮಾತಾಡುತ್ತಿದ್ದರಂತೆ. ಮಂಡಲದ ಮುಖ್ಯಸ್ಥರಾದ ಪ್ರಧಾನರು ಬೋರ್‌ವೆಲ್ ಎಂದರೆ ಅತ್ತೆ ಚರಂಡಿ ಎನ್ನುವುದು, ಅವರು ರಸ್ತೆ ಎಂದರೆ ಇವರು ಚರಂಡಿ ಎನ್ನುವುದು. ಕೊನೆಗೆ ಕೆಳಗಿನ ಬೀದಿಗೆ ಕಲ್ಲಿನ ಚರಂಡಿ ಬಂತು. ಪೂರ್ತಿ ಅಲ್ಲ, ನಮ್ಮ ಬಾಗಿಲಿನಿಂದ ಭಾಯಿಯ ಅಂಗಡಿಯವರೆಗೆ. ಅಲ್ಲಿಂದಾಚೆ ಕೊನೆಯ ಮನೆಗಳ ಮುಂದೆ ನೀರು ಮೊದಲಿನ ಹಾಗೆಯೇ ಹರಡಿಕೊಂಡಿತು. ಆ ಕಡೆಯವರು ಹಾದುಹೋಗುವಾಗ ಅದನ್ನು ಎತ್ತಿ ಆಡುತ್ತಿದ್ದರು. ಮುಂದಿನ ವರ್ಷ ಎನ್ನುತ್ತಿದ್ದರು ಅತ್ತೆ.

ಆ ಮುಂದಿನ ವರ್ಷ ಬರಲಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಮಂಡಲದ ಅವಧಿ ಮುಗಿಯಿತು, ಅಧಿಕಾರಿಗಳೇ ನಡೆಸಿದರು. ಆಮೇಲೆ ಹೊಸ ಕಾನೂನು ಬಂದು ಗ್ರಾಮ ಪಂಚಾಯಿತಿಯಾಯಿತು. ಕೆಳಗಿನ ಬೀದಿಯ ಸ್ಥಾನದ ಮೀಸಲಾತಿ ಬದಲಾಯಿತು. ಅತ್ತೆ ನಿಲ್ಲುವ ಹಾಗಿರಲಿಲ್ಲ.

ಅಪ್ಪ ಅದೇ ಗಾರೆಯವನನ್ನು ಕರೆಸಿದರು. ನಾನಾಗ ಕೆಲಸದಲ್ಲಿದ್ದೆ, ಎರಡು ದಿನಕ್ಕೆ ಬಂದಿದ್ದೆ. ಅಪ್ಪ ಜಗಲಿಯ ಕುರ್ಚಿಯಲ್ಲಿ ಕೂತೇ, ಮೆಂಬರ್‌ಗಿರಿ ಮುಗೀತು, ಬಾಗಿಲು ಮುಚ್ಚು ಎಂದರು. ಅತ್ತೆ ಹಿಂದಿನ ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಏಳಲಿಲ್ಲ. ಹುಳುಗಳಂತೂ ಎಂದೋ ಹೋಗಿದ್ದವು, ಸ್ಥಾನವೂ ಹೋಯಿತು. ಅವರಿಗೆ ಉಳಿದದ್ದು ಆ ಬಾಗಿಲು. ನನಗೆ ಅವರ ಕೈಗಳು ಕಾಣುತ್ತಿದ್ದವು. ಅಕ್ಕಿಯಲ್ಲಿ ಕಲ್ಲಿರಲಿಲ್ಲ, ಆದರೂ ಆರಿಸುತ್ತಲೇ ಇದ್ದರು.

ಗಾರೆಯವನು ಹೊಸಿಲಿನವರೆಗೆ ಹೋಗಿ, ಅಳತೆ ನೋಡುವವನ ಹಾಗೆ ನಿಂತು, ತಲೆ ಕೆರೆದುಕೊಂಡ.

"ಸ್ವಾಮಿ, ಕಟ್ಟೋದು ಕಟ್ತೀನಿ. ಕಟ್ಟಿದ ಮೇಲೆ ನಾನು ಮನೆಗೆ ಎಲ್ಲಿಂದ ಹೋಗ್ಲಿ?"

ಅಪ್ಪ ಅವನನ್ನೇ ನೋಡಿದರು. ಅವತ್ತು ಬೆಳಿಗ್ಗೆ ಅವನು ಬಂದದ್ದೂ ಆ ಬಾಗಿಲಿನಿಂದಲೇ. ಅಮ್ಮ ಅಡುಗೆಮನೆಯಲ್ಲಿ ನಕ್ಕುಬಿಟ್ಟರು. ಅಪ್ಪ ಅವನಿಗೆ ಕಾಫಿ ಕೊಡಿಸಿ, ಮುಂದಿನ ಜಗಲಿಯ ಬಿರುಕಿಗೆ ಗಾರೆ ಹಾಕಿಸಿ ಕಳಿಸಿದರು. ಬಾಗಿಲಿನ ಮಾತು ಮತ್ತೆ ಎತ್ತಲಿಲ್ಲ.

ಇದಾದ ಮೇಲೆ ಒಂದು ಮಧ್ಯಾಹ್ನ ಅಪ್ಪ ಹಿಂದಿನ ಬಾಗಿಲಿನಿಂದ ಹೊರಗೆ ಹೋದದ್ದನ್ನು ನಾನು ನೋಡಿದೆ. ಬಿಳಿ ಪಂಚೆ, ಕಂಕುಳಲ್ಲಿ ಪೇಪರ್, ಭಾಯಿಯ ಅಂಗಡಿಯ ಕಡೆ. ಆದರೆ ಇದನ್ನು ನೋಡಿದ್ದು ಎಲ್ಲಿಂದ? ಆ ಬಾಗಿಲಿನಾಚೆಯ ಬೀದಿ ಕಾಣುವ ಜಾಗ ಹುಳುಮನೆಯೊಂದೇ, ಅಲ್ಲಿ ನಾನು ಏನು ಮಾಡುತ್ತಿದ್ದೆ? ಹುಳುಗಳ ಮೇಲೆ ಧೂಳು ಕಂಡ ಕಣ್ಣೇ ಇದನ್ನೂ ಕಂಡದ್ದು. ಅಪ್ಪ ದಾಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಬಯಸಿ ಬಯಸಿ ಅದನ್ನು ನೋಡಿದೆನೋ? ತಂಗಿಯದು ಒಂದೇ ಹಟ. ನೀನು ಊರಲ್ಲಿ ಇದ್ದಿದ್ದೇ ಎಷ್ಟು ದಿನ ಎನ್ನುತ್ತಾಳೆ.

ಅಪ್ಪ ತೀರಿಕೊಂಡ ಮೇಲೆ, ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ, ಊರಿಗೆ ಹೋಗಿ ಅತ್ತೆಯನ್ನೇ ಕೇಳಿದೆ. ಅಷ್ಟು ದಿನ ಕೇಳದೆ ಇದ್ದದ್ದು, ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆಗೆ. ಅಮ್ಮ, ಅತ್ತೆ ಇಬ್ಬರೂ ಹುಣಿಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಅತ್ತೆಯ ಕಿವಿ ಮಂದವಾಗಿತ್ತು, ಎರಡು ಸಲ ಕೇಳಬೇಕಾಯಿತು.

"ದಾಟ್ದ," ಎಂದರು ಅತ್ತೆ. "ಚಪ್ಪಡಿ ಅಲ್ಲಾಡ್ತದೆ, ಯಾರಾದ್ರೂ ಬಿದ್ದು ಸಾಯ್ತಾರೆ ಅಂತ ಬೈಕೊಂಡು ವಾಪಸ್ ಬಂದ."

ಅಮ್ಮ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನನ್ನ ಮುಖ ನೋಡಿ ಅತ್ತೆ ಹಾಗೆ ಹೇಳಿದರೋ ಎಂಬ ಅನುಮಾನ ಅಲ್ಲೇ ಹುಟ್ಟಿತು. ಕೂರಲಾಗದೆ ಎದ್ದು ಹಿಂದಿನ ಬಾಗಿಲಿಗೆ ಹೋದೆ. ಹೊಸಿಲು ದಾಟಿ ಚಪ್ಪಡಿಯ ಮೇಲೆ ಒಂದು ಕಾಲಿಟ್ಟೆ. ಟಕ್ ಎನ್ನಲಿಲ್ಲ. ಎರಡೂ ಕಾಲಿಟ್ಟು ಆ ಕಡೆ ಈ ಕಡೆ ಭಾರ ಹಾಕಿ ನೋಡಿದೆ. ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ ಒಂದು ಮೂಲೆಯ ಕೆಳಗೆ ಯಾರೋ ಕಲ್ಲಿನ ಚಕ್ಕೆಯೊಂದನ್ನು ಬಿಗಿಯಾಗಿ ತುರುಕಿದ್ದರು. ಅದು ಅಪ್ಪನೇ ಆಗಬೇಕಿಲ್ಲ. ಚರಂಡಿ ಕಟ್ಟಿದವರು ಇಟ್ಟಿರಬಹುದು, ಗಾರೆಯವನು ಇಟ್ಟಿರಬಹುದು, ದಿನಾ ಹಾಯುವ ಯಾರಾದರೂ ಇಟ್ಟಿರಬಹುದು. ಚಕ್ಕೆಯನ್ನು ಮುಟ್ಟಿ ನೋಡಿದೆ. ಪಾಚಿ ಹಿಡಿದಿತ್ತು, ಹಳೆಯದು. ಮತ್ತೆ ನಿಂತು ಇನ್ನೊಂದು ಸಲ ಭಾರ ಹಾಕಿದೆ.

ಎದುರಿಗೆ, ಮೇಲಿನ ಬೀದಿಯ ನಲ್ಲಿಗೆ ಹೊರಟಿದ್ದ ಹೆಂಗಸೊಬ್ಬಳು ಖಾಲಿ ಬಿಂದಿಗೆ ಸೊಂಟದಲ್ಲಿ ಇಟ್ಟುಕೊಂಡು ಕಾಯುತ್ತ ನಿಂತಿದ್ದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಅದು ಅಲ್ಲಾಡಲ್ಲ ಕಣಪ್ಪ," ಎಂದಳು. "ದಾರಿ ಬಿಡು."